ಆಷಾಢ, ಆಟಿ, ಅಧಿಕ

ಹೋದ ತಿಂಗಳು ಕುಶಾಲನಗರದಲ್ಲಿ ನನ್ನ ತಂಗಿಯ ಮಗಳ ಗೃಹಪ್ರವೇಶ. ಹೊಸ ಅಡುಗೆಮನೆಯಲ್ಲಿ ಥಳಥಳಿಸುವ ಗ್ಯಾಸ್ ಒಲೆ ಇದ್ದರೂ ಶಾಸ್ತ್ರಕ್ಕೆಂದು ಇಟ್ಟಿಗೆ ಜೋಡಿಸಿ, ಇದ್ದಿಲು ಹಚ್ಚಿ, ಹಾಲಿನ ಪಾತ್ರೆ ಏರಿಸಿದ್ದರು. ಎಲ್ಲರೂ ಸುತ್ತ ನಿಂತು ಕಾದರು. ಹಾಲು ಉಕ್ಕಿತು, ಕೆಂಡದ ಮೇಲೆ ಚುರ್ ಎಂದಿತು, ಹೆಂಗಸರು ಚಪ್ಪಾಳೆ ತಟ್ಟಿದರು. ಸೀದ ಹಾಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹಾಲನ್ನು ಬಿಟ್ಟು ಪಡುವಣ ದಿಕ್ಕಿನ ಗೋಡೆಯನ್ನು ನೋಡಿದೆ. ಸಿಮೆಂಟಿನ ಗೋಡೆ, ಹೊಸ ಬಣ್ಣ, ಅದಕ್ಕೇನಾಗಬೇಕು. ಆದರೂ ನೋಡಿದೆ.

"ಏನು ದೊಡ್ಡಮ್ಮ, ಬಿರುಕು ಬಿಟ್ಟಿದೆಯಾ?" ಎಂದು ಹುಡುಗಿ ಗಾಬರಿಯಿಂದ ಕೇಳಿದಳು.

"ಇಲ್ಲ ಕಣೇ, ಸುಮ್ಮನೆ ನೋಡಿದೆ" ಎಂದೆ. ಸುಮ್ಮನೆ ಅಲ್ಲ. ಆ ವಾಸನೆ ಬಂದಾಗಲೆಲ್ಲ ನನಗೆ ಒಂದು ಮಳೆಗಾಲ ಇಡಿಯಾಗಿ ವಾಪಸು ಬರುತ್ತದೆ, ಮತ್ತೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಅವತ್ತು ಊಟಕ್ಕೆ ಎಲೆ ಹಾಕುವವರೆಗೂ ಆ ಮನೆಯ ಕೋಣೆ ಕೋಣೆ ಸುತ್ತಿದೆ.

ಆಗ ಕೊಡಗು ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ಮಡಿಕೇರಿ ಅದರ ರಾಜಧಾನಿ. ಮಂಜಿಲ್ಲದ ದಿನ ಕೋಟೆಯ ಬಾಗಿಲಲ್ಲಿ ನಿಂತರೆ ಇಡೀ ರಾಜಧಾನಿ ಒಂದೇ ನೋಟಕ್ಕೆ ಸಿಗುತ್ತಿತ್ತು. ನಮ್ಮನೆಯವರು ಆ ಕೋಟೆಯೊಳಗಿನ ಕಛೇರಿಯಲ್ಲಿ ಗುಮಾಸ್ತರು. ನಾವು ಹಾಸನದ ಕಡೆಯ ಬೇಸಾಯಗಾರರ ಪೈಕಿ. ಇವರು ನಾಲ್ಕಕ್ಷರ ಕಲಿತು ಕೆಲಸ ಹುಡುಕಿಕೊಂಡು ಬೆಟ್ಟ ಹತ್ತಿದವರು, ನಾನು ಇವರ ಹಿಂದೆ ಹತ್ತಿದವಳು. ಆ ವರ್ಷ ಕಛೇರಿಯಲ್ಲಿ ಕೆಲಸಕ್ಕಿಂತ ಮಾತು ಹೆಚ್ಚು. ಕೊಡಗು ಮೈಸೂರಿಗೆ ಸೇರಿಹೋಗುತ್ತದಂತೆ, ಕೋಟೆಯ ಗುಮಾಸ್ತರನ್ನೆಲ್ಲ ಎತ್ತಿ ಕಂಡ ಕಂಡ ಊರಿಗೆ ಹಾಕುತ್ತಾರಂತೆ. ಇವರು ಸಂಜೆ ಮನೆಗೆ ಬಂದು ಛತ್ರಿ ಮಡಚುವುದಕ್ಕೆ ಮೊದಲೇ ಅವತ್ತಿನ ಹೊಸ 'ಅಂತೆ' ಹೇಳುತ್ತಿದ್ದರು. ಅಂಥ ವರ್ಷದಲ್ಲಿ ನಾವು ಮನೆ ಕೊಂಡೆವು.

ಬುದ್ಧಿ ಇದ್ದವರು ಕೊಳ್ಳುತ್ತಿರಲಿಲ್ಲ. ಆದರೆ ನನಗೆ ಮನೆ ಬೇಕಿತ್ತು. ನಾನು ಹುಟ್ಟಿದ್ದು ಬಾಡಿಗೆ ಮನೆಯಲ್ಲಿ, ಬೆಳೆದದ್ದು ಸೋದರಮಾವನ ಮನೆಯಲ್ಲಿ, ಮದುವೆಯಾಗಿ ಬಂದದ್ದು ಪೇಟೆಯ ಜವಳಿ ಅಂಗಡಿಯ ಹಿಂದಿನ ಒಂದೂವರೆ ಕೋಣೆಗೆ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಯಾರನ್ನಾದರೂ ಕೇಳಿಯೇ ಹೊಡೆದು ಬೆಳೆದವಳು ನಾನು. ಹಳೆಯ ರಾಜರ ಸಮಾಧಿಗಳಿರುವ ಗದ್ದುಗೆಯ ಕಡೆ ಇಳಿಯುವ ದಾರಿಯಲ್ಲಿ ಒಂದು ಹಳೆಯ ಹೆಂಚಿನ ಮನೆ ಮಾರಾಟಕ್ಕಿದೆ ಎಂದು ಯಾರೋ ಹೇಳಿದ್ದೇ, ಇವರನ್ನು ಭಾನುವಾರ ಎಳೆದುಕೊಂಡು ಹೋದೆ. ಆ ಮನೆಯವರು ಮಗಳ ಊರು ವಿರಾಜಪೇಟೆಗೆ ಹೋಗಿ ವರ್ಷಗಳಾಗಿದ್ದವು. ಜಗಲಿಯಲ್ಲಿ ಬಾವಲಿ, ಕೋಣೆಯಲ್ಲಿ ಜೇನು, ಅಡುಗೆಮನೆಯ ಪಡುವಣ ಗೋಡೆ ಅರ್ಧ ಬಿದ್ದು ಆಚೆಯ ಪೇರಳೆ ಮರ ಒಳಗಿನಿಂದಲೇ ಕಾಣುತ್ತಿತ್ತು. ಇವರು, "ಇದನ್ನು ಮನೆ ಅಂತ ಯಾಕೆ ಕರೀತಾರೆ?" ಎಂದರು. ನಾನು ಆಗಲೇ ಒಲೆ ಎಲ್ಲಿ, ನೀರಿನ ಕೊಳಗ ಎಲ್ಲಿ ಎಂದು ನೋಡಿಕೊಂಡಾಗಿತ್ತು.

ಕೊಂಡ ಸುದ್ದಿ ಊರಿಗೆ ಹೋದ ಮೇಲೆ ಅತ್ತೆ, ಇವರ ತಾಯಿ, ಬಂದರು. ಇವರಿಗೆ ಮೀಸೆ ಮೂಡುವ ಮೊದಲೇ ಗಂಡನನ್ನು ಕಳೆದುಕೊಂಡು, ಆಮೇಲೆ ತಮ್ಮನ ಮನೆಯಲ್ಲೇ ಬದುಕು ಕಳೆದವರು. ಒಂದು ತಗಡಿನ ಪೆಟ್ಟಿಗೆ, ಅದಕ್ಕೆ ಅಡ್ಡ ಉದ್ದ ಬಿಗಿದ ತೆಂಗಿನ ನಾರಿನ ಹಗ್ಗ. ಬಂದವರು ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟು, ಬೇಕಾದಾಗ ಹಗ್ಗ ಸಡಿಲಿಸಿ ಒಂದು ಸೀರೆ ತೆಗೆದು ಮತ್ತೆ ಬಿಗಿಯುತ್ತಿದ್ದರು. "ಬಿಚ್ಚಿಡಿ ಅತ್ತೆ" ಎಂದರೆ, "ಇರ್ಲಿ ಬಿಡವ್ವ, ಬಂದು ಹೋಗೋಳು ನಾನು. ನಿಮ್ ಮನೆ ಒಕ್ಕಲಾದ್ರೆ ನೋಡ್ಕಂಡು ಹೊಂಟೋಯ್ತೀನಿ" ಎನ್ನುತ್ತಿದ್ದರು. ನಿಮ್ ಮನೆ, ನಿಮ್ ಗೋಡೆ, ನಿಮ್ ಹೆಂಚು. ಕೇಳಿ ಕೇಳಿ ನನಗೆ ರೇಗುತ್ತಿತ್ತು.

ಕೆಲಸ ಹಿಡಿದವನು ಕಣ್ಣನ್ ಮೇಸ್ತ್ರಿ, ತಲಶ್ಶೇರಿ ಕಡೆಯವನು. ಯುಗಾದಿ ಮುಗಿದ ಮೇಲೆ ಶುರು ಮಾಡಿ, ಬಾವಲಿ ಓಡಿಸಿ, ಹುಳ ಹಿಡಿದ ತೊಲೆ ಇಳಿಸಿ, ಹೆಂಚೆಲ್ಲ ಅಂಗಳದಲ್ಲಿ ಪೇರಿಸಿ, ಇನ್ನೇನು ಗೋಡೆ ಎಬ್ಬಿಸಬೇಕು ಎನ್ನುವಾಗ ವಿಷುಹಬ್ಬಕ್ಕೆಂದು ಊರಿಗೆ ಹೋದ. ನಾಲ್ಕು ದಿನ ಎಂದವನು ಹಲಸಿನ ಹಣ್ಣಿನ ಕಾಲ ಬಂದರೂ ಇಲ್ಲ. ನಾನು ದಿನಾ ಬೆಳಿಗ್ಗೆ ಬಸ್ಸು ನಿಲ್ಲುವ ಹೊತ್ತಿಗೆ ಹೋಗಿ ನಿಂತು ಇಳಿಯುವವರ ಮುಖ ನೋಡುತ್ತಿದ್ದೆ. ಅವನು ಬಂದಾಗ ಕೈಯಲ್ಲಿ ಬಾಳೆಕಾಯಿ ಉಪ್ಪೇರಿಯ ಪೊಟ್ಟಣ. "ಅಮ್ಮ, ಸಿಟ್ಟು ಬೇಡ. ಇನ್ನು ಬೇಗ ಬೇಗ" ಎಂದ. ಬೇಗ ಬೇಗ ಗೋಡೆ ಎದ್ದಿತು, ನಿಜ. ಮಣ್ಣು ತುಳಿದು, ಮುದ್ದೆ ಮಾಡಿ, ವರಸೆ ಮೇಲೆ ವರಸೆ ಇಟ್ಟ. ಆದರೆ ಮಣ್ಣಿನ ಗೋಡೆಗೆ ಬೇಕಾದದ್ದು ಬಿಸಿಲು. ಕೊನೆಯ ವರಸೆ ಕೂತ ವಾರವೇ ಮಳೆ ಹಿಡಿಯಿತು. ಹೆಂಚು ಹೊದಿಸಿ ಮುಗಿಯುವಾಗ ಆಷಾಢ ಹೊಸ್ತಿಲಲ್ಲಿತ್ತು, ನೆಲ ಇನ್ನೂ ಕೆಸರು.

ಅತ್ತೆ ತೀರ್ಪು ಕೊಟ್ಟರು. "ಆಷಾಡ್ದಲ್ಲಿ ಹೊಸ ಮನೆ ಒಕ್ಕಲಾಗದು ಬ್ಯಾಡ. ಯಾರೂ ಆಗಕಿಲ್ಲ."

ಮೇಸ್ತ್ರಿ ಗೋಡೆಗೆ ಕೈ ಒತ್ತಿ ಇನ್ನೊಂದು ತೀರ್ಪು ಕೊಟ್ಟ. "ಇದು ಪಚ್ಚ ಉಂಟು ಅಮ್ಮ. ಹೊರಗೆ ತಟ್ಟಿ ಕಟ್ಟಿದ್ದೇನೆ, ಮಳೆ ಹೊಡೆಯಲಿಕ್ಕಿಲ್ಲ. ಒಳಗೆ ದಿವಸ ತೀ ಬೇಕು. ತೀ ಇಲ್ಲದಿದ್ರೆ ಇದು ಕೂತು ಹೋಗ್ತದೆ. ಇದು ಕೂತ್ರೆ ಮೇಲಿನ ಹೆಂಚೂ ಬರ್ತದೆ." ಪಚ್ಚ ಎಂದರೆ ಹಸಿ, ತೀ ಎಂದರೆ ಬೆಂಕಿ. ಅಷ್ಟು ಹೇಳಿ ಅವನು ಮಳೆಗಾಲ ಕಳೆಯಲು ಮತ್ತೆ ಊರಿಗೆ ಹೋದ.

ನನ್ನ ಪಾಡು ನೋಡಿ. ಬೆಂಕಿ ಹಾಕದಿದ್ದರೆ ಗೋಡೆ ಬೀಳುತ್ತದೆ. ಬೆಂಕಿ ಹಾಕಬೇಕಾದರೆ ಒಲೆ ಹಚ್ಚಬೇಕು. ಹೊಸ ಮನೆಯ ಒಲೆ ಮೊದಲ ಸಲ ಹಚ್ಚುವುದೆಂದರೆ ಹಾಲು ಉಕ್ಕಿಸುವುದಕ್ಕೆ, ಹಾಲು ಉಕ್ಕಿಸಿದರೆ ಒಕ್ಕಲಾದ ಹಾಗೆ, ಆಷಾಢದಲ್ಲಿ ಒಕ್ಕಲಾಗಬಾರದು. ಇತ್ತ ಜವಳಿ ಅಂಗಡಿಯ ಸಾಹೇಬರಿಗೆ ಕೋಣೆ ಬಿಡುತ್ತೇವೆಂದು ಮೊದಲೇ ಹೇಳಿ ಆಗಿತ್ತು. ಅವರು ಕೆಟ್ಟವರಲ್ಲ. ಆದರೆ ದಿನಾ ಬೆಳಿಗ್ಗೆ ಅಂಗಡಿಯ ಹಲಗೆ ತೆಗೆಯುತ್ತಾ, "ಏನು ಗುಮಾಸ್ತರೇ, ಹೊಸ ಮನೆ ಯಾವತ್ತು? ನಮ್ಮ ಅಳಿಯ ಸಾಮಾನು ಕಟ್ಟಿ ಕೂತಿದ್ದಾನೆ" ಎಂದು ನಗುತ್ತಾ ಕೇಳುತ್ತಿದ್ದರು. ನಗುತ್ತಾ ಕೇಳುವವರಿಗೆ ಉತ್ತರ ಕೊಡುವುದು ಕಷ್ಟ.

ಅತ್ತೆಗೂ ನನಗೂ ಜಗಳವಾಯಿತು. ಗೋಡೆ ಬಿದ್ದ ಮೇಲೆ ಶ್ರಾವಣದಲ್ಲಿ ಯಾವ ಮನೆಗೆ ಒಕ್ಕಲಾಗುವುದು ಎಂದು ನಾನು. ಗೋಡೆ ಬಿದ್ದರೆ ಕಟ್ಟಬಹುದು, ಮನೆಯೇ ಏಳಿಗೆಯಾಗದಿದ್ದರೆ ಏನು ಕಟ್ಟುವುದು ಎಂದು ಅವರು. ಇವರು ನಡುವೆ ಕೂತು ಕಾಲ್ಬೆರಳು ನೋಡಿಕೊಂಡರು.

ಇದನ್ನು ಬಿಡಿಸಿದವರು ಹೊಸ ಮನೆಯ ಪಕ್ಕದ ದೇವಕ್ಕ. ಅವರು ಅಲ್ಲಿಯೇ ಹುಟ್ಟಿ ಬೆಳೆದ ಗೌಡರ ಪೈಕಿ, ಮನೆಯಲ್ಲಿ ಅರೆಭಾಷೆ. ವಯಸ್ಸು ಅತ್ತೆಯದ್ದೇ, ಸ್ವಭಾವ ಮಾತ್ರ ಪೂರ್ತಿ ಬೇರೆ. ನಮ್ಮ ಜಗಳ ಬೇಲಿಯಾಚೆಯಿಂದ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ, ಒಂದು ಅಗ್ಗಿಷ್ಟಿಕೆಯ ತುಂಬ ಕೆಂಡ ಹಿಡಿದು ತಾವೇ ಬಂದರು.

"ಒಲೆ ಬೇರೆ, ಅಗ್ಗಿಷ್ಟಿಕೆ ಬೇರೆ" ಎಂದರು ಅತ್ತೆಗೆ. "ಕೆಂಡ ನನ್ನ ಒಲೇದ್. ಬೆಳಿಗ್ಗೆ ಇಲ್ಲಿಗೆ ನೆಂಟರ ಹಂಗೆ ಬಾದು, ಸಂಜೆ ವಾಪಸ್ ಹೋದು. ನೆಂಟರು ಬಂದರೆ ಎಂಥ ದೋಷ?"

ಅತ್ತೆ ಬಗ್ಗಿ ಕೆಂಡವನ್ನು ನೋಡಿದರು. ನೆಂಟನಾಗಿ ಬರುವ ಬೆಂಕಿಗೆ ಅವರ ಶಾಸ್ತ್ರದಲ್ಲಿ ಎಲ್ಲೂ ಅಡ್ಡಿ ಸಿಗಲಿಲ್ಲ. ಒಪ್ಪಿದರು, ಆದರೆ ಷರತ್ತಿನ ಮೇಲೆ. ಒಳಗೆ ಕಸ ಗುಡಿಸಬಾರದು, ಗುಡಿಸಿದರೆ ಮನೆಯವರಾದ ಹಾಗೆ. ಒಳಗೆ ಉಣ್ಣಬಾರದು. ಮಲಗಬಾರದು. ತಲೆ ಬಾಚಬಾರದು. ದೀಪ ಹಚ್ಚುವ ಹೊತ್ತಿಗೆ ಮೊದಲು ಎದ್ದು ಹೊರಡಬೇಕು. ನಾನು ಕದ್ದು ಒಲೆ ಹಚ್ಚಿಯೇನೆಂಬ ಗುಮಾನಿಯಿಂದ ತಾವೂ ದಿನಾ ಜೊತೆಗೆ ಬರುತ್ತೇನೆಂದರು. ದೇವಕ್ಕ ಹೋಗುವಾಗ ತಿರುಗಿ, "ಏನಾರ್ ಆಗಲಿ, ಆಟಿ ಕಳ್ದ ಮೇಲೆ ಒಕ್ಕಲಾಗಿ. ಆಟಿಲಿ ಹೊಸ ಮನೆಗೆ ಹೋಕೆ ಬೊಡ" ಎಂದರು. ನಾವಿಬ್ಬರೂ ತಲೆಯಾಡಿಸಿದೆವು. ಆಷಾಢಕ್ಕೆ ಈ ಕಡೆಯವರು ಆಟಿ ಎನ್ನುತ್ತಾರೆ ಎಂದುಕೊಂಡೆವು. ದೇವಕ್ಕನೂ ನಮ್ಮ ಪರವೇ ಇದ್ದಾರೆಂದು ಅತ್ತೆಗೆ ಖುಷಿಯೂ ಆಯಿತು.

ಹೀಗೆ ಶುರುವಾಯಿತು ನಮ್ಮ ಗೋಡೆ ಕಾಯುವ ಕೆಲಸ. ಬೆಳಿಗ್ಗೆ ಗಂಜಿ ಉಂಡು, ಒಂದು ಛತ್ರಿಯಲ್ಲಿ ಇಬ್ಬರು, ಪೇಟೆಯಿಂದ ಗದ್ದುಗೆಯ ಇಳಿಜಾರಿಗೆ. ಮಡಿಕೇರಿಯ ಮಳೆ ಮೇಲಿನಿಂದ ಬೀಳುವುದಿಲ್ಲ, ಎದುರಿನಿಂದ ಬರುತ್ತದೆ. ಮುಟ್ಟುವಾಗ ಮೊಣಕಾಲಿನವರೆಗೆ ಸೀರೆ ಒದ್ದೆ, ಹಿಮ್ಮಡಿಯಲ್ಲಿ ಜಿಗಣೆ. ದೇವಕ್ಕನ ಒಲೆಯಿಂದ ಕೆಂಡ, ನಮ್ಮ ಚೀಲದಿಂದ ಇದ್ದಿಲು. ಅಗ್ಗಿಷ್ಟಿಕೆಯನ್ನು ಪಡುವಣ ಗೋಡೆಯ ಬುಡದಲ್ಲಿಟ್ಟು ಕೂರುವುದು. ಹೊರಗೆ ಕಟ್ಟಿದ ಹುಲ್ಲಿನ ತಟ್ಟಿಗೆ ಕಿಡಿ ಹಾರೀತೆಂದು ಬಿಟ್ಟು ಹೋಗುವ ಹಾಗಿಲ್ಲ. ಗೋಡೆಯಿಂದ ಹಬೆ ಏಳುತ್ತಿತ್ತು. ಗೋಡೆಯ ಬುಡ ಬೆಚ್ಚಗಾದರೆ ತಲೆ ತಣ್ಣಗೆ, ತಲೆಗೆ ಬಿಸಿ ತಗಲಿಸಿದರೆ ಬುಡ ಮತ್ತೆ ತೇವ. ನಾನು ಗಳಿಗೆಗೊಮ್ಮೆ ಎದ್ದು ಅಂಗೈ ಒತ್ತಿ ನೋಡುತ್ತಿದ್ದೆ.

"ಕುಂತ್ಕಳೇ. ನೀನು ಮುಟ್ದಾಗೆಲ್ಲ ಒಣಗದಿಲ್ಲ ಅದು" ಎಂದು ಅತ್ತೆ ಗದರುತ್ತಿದ್ದರು.

ಕೂತರೆ ಮನಸ್ಸು ಕೂರುತ್ತಿರಲಿಲ್ಲ. ನನ್ನ ಮನೆಯೊಳಗೇ ಕೂತು ನನ್ನ ಮನೆಯಲ್ಲವೆಂದು ನಟಿಸುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಮೂಲೆಯಲ್ಲಿ ಮೇಸ್ತ್ರಿ ಬಿಟ್ಟುಹೋದ ಕಸ ಇತ್ತು. ಪೊರಕೆ ತೆಗೆದುಕೊಳ್ಳಲು ಕೈ ತುರಿಸುತ್ತಿತ್ತು. ಒಮ್ಮೆ ತಡೆಯಲಾರದೆ ಕಾಲಿನಿಂದ ಬದಿಗೆ ಸರಿಸಿದೆ. "ಅದೂ ಗುಡ್ಸಿದಂಗೇಯ" ಎಂದರು ಅತ್ತೆ. ಮಧ್ಯಾಹ್ನ ದೇವಕ್ಕನ ಜಗಲಿಯಲ್ಲಿ ಬುತ್ತಿ ಉಂಡು ಬರುತ್ತಿದ್ದೆವು, ನಮ್ಮ ಅಡುಗೆಮನೆ ಕೈಯಳತೆಯಲ್ಲಿರುವಾಗ. ಸಂಜೆ ಮತ್ತೆ ಆ ಒಂದೂವರೆ ಕೋಣೆಗೆ ಹೋದರೆ ಸಾಹೇಬರ ನಗು, ಇವರ 'ಅಂತೆ'. ತುಮಕೂರಂತೆ, ಚಿತ್ರದುರ್ಗವಂತೆ. ಒಣಗದ ಗೋಡೆ ಒಂದು ಕಡೆ, ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ರಾಜ್ಯ ಇನ್ನೊಂದು ಕಡೆ. ರಾತ್ರಿಯೆಲ್ಲ ಮಳೆಯ ಸದ್ದು ಹೆಚ್ಚಾದಾಗಲೆಲ್ಲ ಗೋಡೆ ಬಿತ್ತೆಂದೇ ಎಣಿಸುತ್ತಿದ್ದೆ.

ಆಷಾಢದ ನಡುವೆ ಮಳೆ ಹುಚ್ಚು ಹಿಡಿದಂತೆ ಸುರಿದ ಒಂದು ವಾರವಿತ್ತು. ಮರ ಬಿದ್ದು ರಸ್ತೆ ಮುಚ್ಚಿತು, ಶಾಲೆಗೆ ರಜೆ. ದೇವಕ್ಕ ನಾಟಿ ಕೆಲಸಕ್ಕೆಂದು ಅಣ್ಣನ ಹಳ್ಳಿಗೆ ಹೋಗಿದ್ದರು. ಅವರ ಮನೆಯ ಕೆಲಸದವಳು ಬೆಳಿಗ್ಗೆ ನಮಗೆ ಕೆಂಡ ಕೊಟ್ಟು ಬೀಗ ಹಾಕಿ ಹೋದಳು. ನನಗೆ ಹಿಂದಿನ ದಿನದಿಂದಲೇ ಮೈ ಬಿಸಿ. ಹೇಳಿದರೆ ಅತ್ತೆ ಕೋಣೆಯಲ್ಲೇ ಇರಿಸುತ್ತಾರೆಂದು ಬಾಯಿ ಮುಚ್ಚಿಕೊಂಡು ಬಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಟಕಟ ಎನ್ನತೊಡಗಿತು. ಅತ್ತೆ ನನ್ನ ಹಣೆ ಮುಟ್ಟಿದರು, ಕತ್ತು ಮುಟ್ಟಿದರು, ತಮ್ಮ ಕಂಬಳಿ ತೆಗೆದು ನನಗೆ ಹೊದಿಸಿದರು.

"ನಡಿ, ಹೋಗಾನ."

"ಈ ಮಳೇಲಿ ಆ ಏರು ಹತ್ತೋಕೆ ಆಗಲ್ಲ ಅತ್ತೆ. ಗೋಡೆ ಬೇರೆ ನೋಡಿ ಹೇಗೆ ಬೆವರುತ್ತಿದೆ."

ಅವರು ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬುಟ್ಟಿಯಲ್ಲಿದ್ದ ಹಾಲಿನ ಚೊಂಬನ್ನು ನೋಡಿದರು. ಸಂಜೆಯ ಕಾಫಿಗೆಂದು ದಾರಿಯಲ್ಲಿ ಕೊಂಡಿದ್ದ ಹಾಲು. ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಚೊಂಬನ್ನು ಎತ್ತಿ ಅಗ್ಗಿಷ್ಟಿಕೆಯ ಮೇಲಿಟ್ಟರು.

"ಬೆಚ್ಚಗ್ ಮಾಡದು ಅಷ್ಟೇಯ" ಎಂದರು, ನನಗೋ ದೇವರಿಗೋ ಗೊತ್ತಾಗಲಿಲ್ಲ. "ಉಕ್ಸದಲ್ಲ. ಬೆಚ್ಚಗಾಗ್ತಲೂ ಇಳ್ಸ್ಬುಡ್ತೀನಿ."

ಸೆರಗು ಕೈಗೆ ಸುತ್ತಿಕೊಂಡು ಚೊಂಬಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತರು. ಕಣ್ಣು ಹಾಲಿನ ಮೇಲಿಂದ ಆಚೀಚೆ ಆಗಲಿಲ್ಲ. ಆಗಲೇ ಗೋಡೆಯ ನಡುವಿನಿಂದ ಒಂದು ತಲೆಗಾತ್ರದ ಮಣ್ಣಿನ ಹೆಂಟೆ ಕಳಚಿ ನನ್ನ ಕಾಲ ಬಳಿ ಬಿತ್ತು. ನೋಡುತ್ತಿದ್ದ ಹಾಗೆ ಅದರ ಸುತ್ತಲಿನ ಭಾಗ ಉಬ್ಬಿ ಮುಂದೆ ಬಂತು. ಜ್ವರ ಎಲ್ಲಿ ಹೋಯಿತೋ. ನಾನು ಎದ್ದು ಎರಡೂ ಕೈ ಚಾಚಿ ಗೋಡೆಗೆ ಎದೆ ಕೊಟ್ಟು ನಿಂತೆ. "ಹಲಗೆ, ಅತ್ತೆ, ಹಲಗೆ" ಎಂದೆ. ಅತ್ತೆ ಹಾಲು ಬಿಟ್ಟು ಓಡಿ, ಮೇಸ್ತ್ರಿ ಬಿಟ್ಟಿದ್ದ ಹಲಗೆಯೊಂದನ್ನು ಎಳೆದು ತಂದು ಉಬ್ಬಿದ ಕಡೆ ಒತ್ತಿದರು, ಅದಕ್ಕೆ ಹಳೆಯ ತೊಲೆಯ ತುಂಡನ್ನು ಓರೆಯಾಗಿ ಕೊಟ್ಟು, ತುದಿಗೆ ಮೂಲೆಯಲ್ಲಿದ್ದ ಹಳೆಯ ಬೀಸುವ ಕಲ್ಲು ಉರುಳಿಸಿದರು. ಆ ಕಲ್ಲನ್ನು ಮೊದಲು ಮೇಸ್ತ್ರಿಯ ಇಬ್ಬರು ಆಳುಗಳು ಸೇರಿ ಸರಿಸಿದ್ದರು.

ಆಗ ಹಿಂದೆ ಚುರ್ ಎಂದಿತು. ಸೀದ ಹಾಲಿನ ವಾಸನೆ ಕೋಣೆಯೆಲ್ಲ ತುಂಬಿತು.

ಅತ್ತೆ ತಿರುಗಿ ನೋಡದೆ ಹಲಗೆಯನ್ನೇ ಒತ್ತಿ ನಿಂತರು. ಹೊರಗೆ ಮಳೆ, ಒಳಗೆ ಕೆಂಡದ ಮೇಲೆ ಹಾಲಿನ ಸದ್ದು. ಮೆಲ್ಲಗೆ ಕೇಳಿದರು, "ಯಾವ್ ದಿಕ್ಕಿಗೆ ಉಕ್ತು?"

ಹಾಲು ಮೂಡಲಿಗೆ ಉಕ್ಕಿದರೆ ಮನೆಗೆ ಒಳ್ಳೆಯದೆಂದು ನಮ್ಮಲ್ಲಿ ನಂಬಿಕೆ. ನನ್ನ ಮುಖ ಗೋಡೆಗಿತ್ತು, ನಾನು ಏನನ್ನೂ ನೋಡಿರಲಿಲ್ಲ. "ಮೂಡಲಿಗೆ" ಎಂದೆ.

ಉಳಿದಿದ್ದ ಹಾಲನ್ನು ಇಬ್ಬರೂ ಒಂದೇ ಲೋಟದಲ್ಲಿ ಹಂಚಿ ಕುಡಿದೆವು. ಆ ಮನೆಯಲ್ಲಿ ನಮ್ಮ ಬಾಯಿಗೆ ಬಿದ್ದ ಮೊದಲ ಗುಟುಕು ಅದೇ. "ಯಾರ್ ತಾವೂ ಬಾಯ್ ಬುಡ್ಬ್ಯಾಡ" ಎಂದು ಅತ್ತೆ ಹೇಳಿದರು. ಆಮೇಲೆ ಬಿದ್ದ ಮಣ್ಣನ್ನು ಒಟ್ಟು ಮಾಡಲು ಪೊರಕೆ ಹಿಡಿದರು. ನಾನು ಅವರ ಕೈ ನೋಡಿದೆ. ಅವರೂ ತಮ್ಮ ಕೈ ನೋಡಿಕೊಂಡರು, ಆದರೆ ಗುಡಿಸುವುದನ್ನು ನಿಲ್ಲಿಸಲಿಲ್ಲ.

ಗೋಡೆ ನಿಂತಿತು. ಆ ದಿನ ನಾವು ಅಲ್ಲಿರದಿದ್ದರೆ ನಿಲ್ಲುತ್ತಿರಲಿಲ್ಲ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅತ್ತೆಯ ನೆಮ್ಮದಿ ಹೋಯಿತು. ಇವರು ಸಂಜೆ ಬಂದು ವರ್ಗದ ಮಾತೆತ್ತಿದರೆ ಸಾಕು, ಅತ್ತೆ ಎದ್ದು ಹೊರಗೆ ಹೋಗುತ್ತಿದ್ದರು. ಒಂದು ದಿನ ದಾರಿಯಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿ, "ನನ್ನಿಂದ್ಲೇ ಏನಾರ ಆಯ್ತದ ಜಾನಕಿ?" ಎಂದರು. ದಿಲ್ಲಿಯವರು ಕೊಡಗನ್ನು ಎಲ್ಲಿಗೆ ಸೇರಿಸಬೇಕೆಂದು ನಮ್ಮ ಹಾಲಿನ ಚೊಂಬು ನೋಡಿ ತೀರ್ಮಾನ ಮಾಡುವುದಿಲ್ಲ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಅಷ್ಟು ದಿನ ನನ್ನನ್ನು ಕಾಡಿದ ಕಟ್ಟುನಿಟ್ಟಿನ ಹೆಂಗಸು ಹೀಗೆ ಕುಗ್ಗಿದ್ದು ನೋಡಿ ಛತ್ರಿಯನ್ನು ಅವರ ಕಡೆಗೇ ವಾಲಿಸಿ ಹಿಡಿದೆ. ಆಷಾಢ ಮುಗಿದು ಸರಿಯಾದ ದಿನದಲ್ಲಿ ಸರಿಯಾಗಿ ಹಾಲು ಉಕ್ಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾವಿಬ್ಬರೂ ನಂಬಿದೆವು.

ಅಮಾವಾಸ್ಯೆ ಕಳೆಯಿತು. ಶ್ರಾವಣ ಬಂದದ್ದೇ ನಾನು ಬೆಲ್ಲ ತಂದೆ, ಮಾವಿನ ಸೊಪ್ಪು ಹೇಳಿಟ್ಟೆ, ಸಾಹೇಬರಿಗೆ ದಿನ ಹೇಳಿ ಅವರ ನಗುವನ್ನೂ ನಿಲ್ಲಿಸಿದೆ. ದೇವಕ್ಕ ಹಳ್ಳಿಯಿಂದ ಬಂದಿದ್ದರು. ಅರಿಶಿನ ಕುಂಕುಮ ಹಿಡಿದು ಕರೆಯಲು ಹೋದರೆ ಅವರು ನನ್ನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

"ಈಗ ಎಂಥ ಒಕ್ಕಲು? ಆಟಿ ಅಲ್ಲವಾ?"

"ಆಟಿ ಮುಗೀತಲ್ಲ ದೇವಕ್ಕ. ಮೊನ್ನೆ ಅಮಾವಾಸ್ಯೆಗೆ."

"ಆಟಿ ಮುಗ್ದದಾ? ಆಟಿ ಇನ್ನ್ ಈಗ ಸುರು ಆದ್ದಷ್ಟೇ."

ಆಗ ಗೊತ್ತಾಯಿತು. ನಮ್ಮ ಆಷಾಢ ಚಂದ್ರನದ್ದು, ಅವರ ಆಟಿ ಸೂರ್ಯನದ್ದು. ಮಡಿಕೇರಿಯಲ್ಲಿ ಕೆಲವರು ಕಕ್ಕಡ ಎನ್ನುತ್ತಿದ್ದದ್ದೂ ಅದೇ. ನಾವು ಒಂದೇ ತಿಂಗಳಿಗೆ ಎರಡು ಹೆಸರೆಂದುಕೊಂಡಿದ್ದೆವು. ಅವು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡ ಎರಡು ತಿಂಗಳು. ನಮಗೆ ಆಟಿಯ ಕಟ್ಟಿಲ್ಲ, ಹಾಲು ಉಕ್ಕಿಸೋಣ ಎಂದು ನಾನು ಹಟ ಹಿಡಿದೆ. ಅತ್ತೆ ಒಪ್ಪಲಿಲ್ಲ. "ನೆಲ ಅವ್ರದು. ನಮ್ಮ ತಿಂಗಳು ನಾವು ಕಾದ್ವಿ, ಅವ್ರ ತಿಂಗಳ್ನೂ ಕಾಯಾನ" ಎಂದರು. ಒಮ್ಮೆ ತಪ್ಪಿದವರಿಗೆ ಎರಡನೆಯ ಸಲ ತಪ್ಪುವ ಧೈರ್ಯ ಇರುವುದಿಲ್ಲ. ಸಾಹೇಬರಿಗೆ ಹೋಗಿ ಹೇಳಿದೆ. ಅವರು ಮತ್ತೆ ನಗತೊಡಗಿದರು.

ಆಟಿಯ ನಡುವೆ ದೇವಕ್ಕ ಮದ್ದುಸೊಪ್ಪಿನ ಪಾಯಸ ತಂದುಕೊಟ್ಟರು, ನೇರಳೆ ಬಣ್ಣದ್ದು. ಆಟಿಯ ಮಳೆಗೆ ಮೈ ಗಟ್ಟಿಯಾಗಲೆಂದು ಆ ಕಡೆಯವರು ಅದನ್ನು ತಿನ್ನುತ್ತಾರೆ. ಗೋಡೆಗೂ ಒಂದು ಸೌಟು ಬಳಿಯೋಣವೇ ಎಂದು ನಾನು ಕೇಳಿದ್ದಕ್ಕೆ ಅತ್ತೆ ಬಹಳ ದಿನಗಳ ಮೇಲೆ ನಕ್ಕರು. ಆಟಿ ಮುಗಿಯುವ ವಾರ ಇವರು ಮುಹೂರ್ತ ಕೇಳಲು ಪುರೋಹಿತರ ಬಳಿ ಹೋದರು. ವಾಪಸು ಬಂದು ಛತ್ರಿ ಮಡಚದೆ ಬಾಗಿಲಲ್ಲೇ ನಿಂತರು.

"ಈ ವರ್ಷ ಭಾದ್ರಪದ ಎರಡು" ಎಂದರು. "ಮೊದಲನೆಯದು ಅಧಿಕ ಮಾಸ. ಏನೂ ಮಾಡೋ ಹಾಗಿಲ್ಲವಂತೆ. ಎರಡನೆಯದರಲ್ಲಿ ಪಿತೃಪಕ್ಷ."

ನಾನು ಕೈಯಲ್ಲಿದ್ದ ಮೊರ ಎಸೆದೆ. ಅಕ್ಕಿ ಕೋಣೆಯ ತುಂಬ ಚೆಲ್ಲಿತು, ಅದನ್ನು ಆಯಲು ಸಂಜೆಯವರೆಗೂ ಬೇಕಾಯಿತು.

ಕೊನೆಗೆ ವಿಜಯದಶಮಿಗೆ ನಿಂತಿತು. ಅವತ್ತು ಮುಹೂರ್ತ ನೋಡಬೇಕಿಲ್ಲ, ರಾಹುಕಾಲಕ್ಕೆ ಮೊದಲು ಹಾಲು ಉಕ್ಕಿದರಾಯಿತು ಎಂದರು ಪುರೋಹಿತರು. ಅಷ್ಟು ಹೊತ್ತಿಗೆ ಮಳೆ ಕಡಿಮೆಯಾಗಿ, ಗೋಡೆ ಬೆರಳಲ್ಲಿ ಬಡಿದರೆ ಟಣ್ ಎನ್ನುವಷ್ಟು ಒಣಗಿತ್ತು. ಕಣ್ಣನ್ ಮೇಸ್ತ್ರಿ ಬಂದು ಹಲಗೆ ತೆಗೆದು, ಗುಳಿ ತುಂಬಿ, ಸುಣ್ಣ ಬಳಿದ. ರಾಜ್ಯ ಸೇರುವ ಸುದ್ದಿ ಪೇಪರಿನಲ್ಲೂ ಬರತೊಡಗಿತ್ತು. ಇದ್ದಷ್ಟು ದಿನವಾದರೂ ಇರೋಣ ಎಂದು ಇವರು, ಇದ್ದೇ ಇರೋಣ ಎಂದು ನಾನು.

ಅವತ್ತು ಬೆಳಿಗ್ಗೆ ಅಡುಗೆಮನೆಯ ತುಂಬ ಜನ. ದೇವಕ್ಕ, ಸಾಹೇಬರು, ಮೇಸ್ತ್ರಿ, ಕಛೇರಿಯವರು. ಮೂಲೆಯಲ್ಲಿ ಅತ್ತೆಯ ಪೆಟ್ಟಿಗೆ, ಹಗ್ಗ ಬಿಗಿದದ್ದು ಹಾಗೇ. ಸಂಜೆಯ ಬಸ್ಸಿಗೆ ಹೋಗುತ್ತೇನೆಂದು ಅವರು ಹಿಂದಿನ ದಿನವೇ ಹೇಳಿದ್ದರು. ಕೊನೆಗೂ ನಾನು ಒಲೆ ಹಚ್ಚಿದೆ. ಸೌದೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿತ್ತು. ಹೊಗೆ ಬಂತೇ ಹೊರತು ಉರಿ ಬರಲಿಲ್ಲ. ಇವರು ಊದುಗೊಳವೆ ಹಿಡಿದು ಊದಿದರು, ಮುಖ ಕೆಂಪಾಯಿತು. ಹಾಲಿನ ಮೇಲೆ ಕೆನೆ ಕಟ್ಟಿತು, ಕೆನೆ ಒಂದಿಷ್ಟು ಸುಕ್ಕಾಯಿತು, ಅಷ್ಟೇ. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಪುರೋಹಿತರು ಹೊರಗೆ ಹೋಗಿ ಬಿಸಿಲು ನೋಡಿ ಬಂದರು. "ರಾಹುಕಾಲ ಹತ್ತಿರ ಬಂತು" ಎಂದರು. ಹಿಂದಿನಿಂದ ಯಾರೋ, "ಈ ಮನೆ ಇವರಿಗೆ ಆಗಿಬರುವ ಹಾಗೆ ಕಾಣಲ್ಲ" ಎಂದದ್ದು ನನ್ನ ಕಿವಿಗೆ ಬಿತ್ತು. ನನಗೆ ಅಳು ಒತ್ತಿಕೊಂಡು ಬಂತು. ಇಡೀ ಮಳೆಗಾಲದಲ್ಲಿ ಅಳದವಳು ಅಷ್ಟು ಜನರ ಮುಂದೆ ಅತ್ತೇನೆಂದು ಹೆದರಿ ಸೌದೆಯನ್ನೇ ಮುಂದೆ ಹಿಂದೆ ದೂಡಿದೆ.

ಆಗ ಅತ್ತೆ ಮುಂದೆ ಬಂದು ಮಗನ ಕೈಯಿಂದ ಊದುಗೊಳವೆ ತೆಗೆದುಕೊಂಡರು.

"ಊದಿದ್ದು ಸಾಕು ಬುಡ್ಲಾ ಮಗ" ಎಂದರು. ಪುರೋಹಿತರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಈ ಮನೇಲಿ ಹಾಲು ಉಕ್ಕಾಗೈತೆ ಸ್ವಾಮಿ" ಎಂದರು.

"ಯಾವಾಗಮ್ಮ?"

"ಆಷಾಡ್ದಲ್ಲಿ. ಗ್ವಾಡೆ ಒಣ್ಗಕ್ಕೆ ಅಂತ ತಂದಿದ್ ಕೆಂಡದ ಮ್ಯಾಲೆ. ಈ ಮಗಿಗೆ ಜ್ವರ ಬಂದಿತ್ತು. ಇಟ್ಟೋಳು ನಾನೇಯ."

ಆ ಮಾತು ಅವರಿಗೆ ಎಷ್ಟು ಭಾರವಾಗಿತ್ತೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತು. ಇವರು ನೆಲದ ಮೇಲೆ ಕೂತಲ್ಲಿಂದಲೇ ತಾಯಿಯ ಮುಖ ನೋಡುತ್ತಿದ್ದರು. ಪುರೋಹಿತರು ಗಡ್ಡ ತುರಿಸಿಕೊಂಡರು. ಕೊನೆಗೆ ಕೇಳಿದರು, "ಯಾವ ದಿಕ್ಕಿಗೆ ಉಕ್ಕಿತು?"

"ಮೂಡ್ಲಕ್ಕೆ. ಇವ್ಳು ನೋಡವ್ಳೆ."

ಎಲ್ಲರೂ ನನ್ನ ಕಡೆ ತಿರುಗಿದರು. "ಮೂಡಲಿಗೇ" ಎಂದೆ, ಈ ಸಲ ಗಟ್ಟಿಯಾಗಿ.

ಪುರೋಹಿತರು ಪಂಚಾಂಗ ಮಡಚಿ ಚೀಲಕ್ಕೆ ಹಾಕಿಕೊಂಡರು. "ಹಾಗಾದರೆ ನೀವು ಬಂದು ಆಗಿದೆ. ಇದು ಪಾಯಸದ ಹಾಲು."

"ಪಾಯಸ ಆಮೇಲೆ ಆಗಲಿ" ಎಂದರು ದೇವಕ್ಕ. "ಈ ಹೊಗೇಲಿ ನಿಂತ್ ನಿಂತ್ ಗಂಟ್ಲ್ ಒಣ್ಗುಟ್ಟು. ಮೊದ್ಲ್ ನಂಗೆ ಕಾಫಿ ಕೊಡಿ." ಸಾಹೇಬರು ಜೋರಾಗಿ ನಕ್ಕರು, ಆ ನಗು ಅವತ್ತು ನನಗೆ ಮೊದಲ ಸಲ ಹಿತವಾಯಿತು. ಆ ಹಾಲು ಕೊನೆಗೂ ಉಕ್ಕಲಿಲ್ಲ. ಅದರಲ್ಲೇ ಎಲ್ಲರಿಗೂ ಕಾಫಿಯಾಯಿತು.

ಮರುವರ್ಷ ರಾಜ್ಯ ಮೈಸೂರಿಗೆ ಸೇರಿತು. ಇವರಿಗೆ ಎಲ್ಲಿಗೂ ವರ್ಗವಾಗಲಿಲ್ಲ. ಕೋಟೆಯ ಅದೇ ಕುರ್ಚಿಯಲ್ಲಿ ಕೂತು ಹೊಸ ಮೊಹರು ಒತ್ತಿದರು. ಆದರೆ ನನಗೆ ಆ ವರ್ಷದ ಕೊನೆ ಎಂದರೆ ವಿಜಯದಶಮಿಯ ಸಂಜೆಯೇ. ನೆಂಟರೆಲ್ಲ ಹೋದ ಮೇಲೆ ಮತ್ತೊಂದು ಮಳೆ ಬಂತು. ಬಸ್ಸಿನ ಹೊತ್ತು ಮೀರುತ್ತಿತ್ತು, ಯಾರೂ ಆ ಮಾತು ಎತ್ತಲಿಲ್ಲ. ಅಂಗಳದಲ್ಲಿ ಹಾಕಿದ್ದ ಬಟ್ಟೆಗಳನ್ನು ನಾನು ಒದ್ದೆಯಾಗಿಯೇ ಎತ್ತಿಕೊಂಡು ಬಂದು, ಎಲ್ಲಿ ಹಾಕುವುದೆಂದು ತಿಳಿಯದೆ ನಿಂತೆ. ಅತ್ತೆ ಪೆಟ್ಟಿಗೆಯ ಬಳಿ ಕೂತು ಹಗ್ಗದ ಗಂಟು ಬಿಚ್ಚಿದರು. ಸೀರೆ ತೆಗೆಯಲು ಸಡಿಲಿಸುತ್ತಿದ್ದ ಹಾಗಲ್ಲ, ಪೂರ್ತಿ ಎಳೆದು ಸುರುಳಿ ಸುತ್ತಿ ಮಗನ ಕೈಗೆ ಕೊಟ್ಟರು.

"ಆ ಗ್ವಾಡೆಗೆ ಒಂದು ಮೊಳೆ ಹೊಡೆದು ಕಟ್ಟು. ಬಟ್ಟೆ ಹಾಕಾನ."

ಪಡುವಣ ಗೋಡೆ. ಇವರು ಸುತ್ತಿಗೆ ಎತ್ತಿದವರು ಹಿಂಜರಿದರು. "ತಡೆಯುತ್ತದೇನವ್ವ ಇದು?"

"ಹೊಡಿ. ಏನೂ ಆಗಕಿಲ್ಲ" ಎಂದರು ಅತ್ತೆ, ಒದ್ದೆ ಸೀರೆ ಕೊಡವುತ್ತಾ. "ನಮ್ಮನೆ ಗ್ವಾಡೆ ನಂಗೊತ್ತಿಲ್ವ."